ಅತ್ತಿಗೆ ಆರಿಸಿದ ಬ್ಯಾಗು

ನನ್ನದು ಬ್ಯಾಗು ರಿಪೇರಿ ಅಂಗಡಿ. ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಬೀಗದ ಕೈ ಮಾಡುವವನಿಗೂ ಕನ್ನಡಕದ ಅಂಗಡಿಗೂ ನಡುವೆ ಎಂಟಡಿ ಜಾಗ. ಜಿಪ್ಪು ಕಿತ್ತ ಬ್ಯಾಗು, ಹಿಡಿ ಮುರಿದ ಸೂಟ್‌ಕೇಸು, ಪಟ್ಟಿ ಸವೆದ ಶಾಲೆಯ ಚೀಲ, ಎಲ್ಲ ನನ್ನ ಮೇಜಿನ ಮೇಲೆ ಬಂದು ಹೊಟ್ಟೆ ಬಿಚ್ಚಿಕೊಂಡು ಮಲಗುತ್ತವೆ. ಯಾರ ಬ್ಯಾಗು ಎಲ್ಲಿ ಹರಿಯುತ್ತದೆ ಅಂತ ಅವರ ನಡಿಗೆ ನೋಡಿಯೇ ಹೇಳಬಲ್ಲೆ. ಆದರೆ ಈಗ ಹೇಳಹೊರಟಿರುವುದು ನನ್ನ ಕಥೆಯಲ್ಲ, ನಮ್ಮ ಅತ್ತಿಗೆಯದು.

ಅತ್ತಿಗೆ ನಮ್ಮಣ್ಣನ ಹೆಂಡತಿ. ಅಣ್ಣ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಇಪ್ಪತ್ತು ದಿನ ಮನೆಯಲ್ಲಿರುವುದಿಲ್ಲ. ಹಾಗಾಗಿ ಮನೆಯಲ್ಲಿ ಹೆಚ್ಚಾಗಿ ನಾವಿಬ್ಬರೇ. ಅತ್ತಿಗೆ ಇಪ್ಪತ್ಮೂರು ವರ್ಷ ಟಪಾಲು ಹಂಚಿದವರು. ಬೆಳಗ್ಗೆ ಆರಕ್ಕೆ ಅಂಚೆ ಕಚೇರಿ, ಏಳಕ್ಕೆ ಹೆಗಲಿಗೆ ಚೀಲ, ಮಧ್ಯಾಹ್ನದವರೆಗೆ ಮೆಟ್ಟಿಲು ಹತ್ತುವುದು, ಇಳಿಯುವುದು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯ ಯಜಮಾನ ಕಚ್ಚುತ್ತಾನೆ, ಎಲ್ಲ ಅವರಿಗೆ ಬಾಯಿಪಾಠ.

ಚೀಲಗಳನ್ನು ತೂಗಿ ಹೊರಿಸುವ ಕೆಲಸ ಮೇಲ್ವಿಚಾರಕನದು. ಒಬ್ಬರ ಹೆಗಲ ಮೇಲೆ ಹನ್ನೆರಡು ಕಿಲೋಗಿಂತ ಹೆಚ್ಚು ಹೊರಿಸಬಾರದು ಅಂತ ನಿಯಮ. ಅವನು ತಕ್ಕಡಿಯ ಮುಳ್ಳು ತನ್ನ ಕಡೆಗೆ ಕಾಣುವ ಹಾಗೆ ತಿರುಗಿಸಿಕೊಂಡು ನಿಲ್ಲುತ್ತಿದ್ದ. ಯಾವ ಚೀಲ ಇಟ್ಟರೂ ಅವನ ಬಾಯಲ್ಲಿ ಹನ್ನೊಂದೂವರೆ, ಇಲ್ಲ ಹನ್ನೆರಡು. "ಮಿತಿಯೊಳಗಿದೆ, ಹೊರಡಿ." ಕಡಿಮೆ ಜನರಲ್ಲಿ ಇಡೀ ಊರಿನ ಟಪಾಲು ಮುಗಿಸುತ್ತಾನೆ ಅಂತ ಮೇಲಿನವರ ಹತ್ತಿರ ಅವನಿಗೆ ಒಳ್ಳೆಯ ಹೆಸರು. ಹಂಚುವವರು ಅವನಿಗೆ ಇಟ್ಟ ಹೆಸರು ಮಾತ್ರ ತಕ್ಕಡಿ.

ಒಂದು ದಿನ ಅತ್ತಿಗೆಗೆ ಅನುಮಾನ ತಡೆಯಲಾಗಲಿಲ್ಲ. ದಾರಿಯಲ್ಲಿ ರದ್ದಿ ಪೇಪರ್ ಅಂಗಡಿಯ ತೂಕದ ಕೊಕ್ಕೆಗೆ ಚೀಲ ನೇತುಹಾಕಿ ನೋಡಿದರು. ಹತ್ತೊಂಬತ್ತು ಕಿಲೋ. ನಾಳೆ ಇದನ್ನು ಎಲ್ಲರ ಮುಂದೆ ಕೇಳಬೇಕು ಅಂದುಕೊಂಡು ಚೀಲವನ್ನು ಮತ್ತೆ ಹೆಗಲಿಗೇರಿಸಿ ಹೊರಟರು. ನಾಳೆ ಬರಲಿಲ್ಲ. ಅದೇ ಬೆಳಗ್ಗೆ, ನಾಲ್ಕಂತಸ್ತಿನ ಮನೆಯೊಂದರ ಮೆಟ್ಟಿಲ ಮೇಲೆ, ಬಲಭುಜದೊಳಗೆ ಏನೋ ಟಪ್ಪಂತ ಕಿತ್ತುಹೋಯಿತು.

ವಿಚಾರಣೆಯ ವರದಿ ಬರೆದವನು ತಕ್ಕಡಿಯೇ. "ಚೀಲದ ತೂಕ ಹನ್ನೆರಡು ಕಿಲೋ, ಮಿತಿಯೊಳಗೆ. ಹೊತ್ತ ರೀತಿ ತಪ್ಪು." ಅತ್ತಿಗೆ ರದ್ದಿ ಅಂಗಡಿಯ ವಿಷಯ ಹೇಳಿದಾಗ ಅವನು ಎಲ್ಲರ ಮುಂದೆ ನಕ್ಕನಂತೆ. "ಹಳೇ ಪೇಪರ್ ತೂಗೋ ಕೊಕ್ಕೆನ ತಂದು ಕಚೇರಿ ತಕ್ಕಡಿ ಪಕ್ಕ ಇಡ್ತೀರಾ?" ಅಲ್ಲಿದ್ದವರೂ ನಕ್ಕರಂತೆ. ಅತ್ತಿಗೆ ಕೆಲಸ ಬಿಟ್ಟರು. ಆಮೇಲೆ ಎರಡು ವರ್ಷ ಅವರಿಗೆ ಬಲಗೈಯನ್ನು ಕಿವಿಯ ಮಟ್ಟಕ್ಕೆ ಎತ್ತಲಾಗಲಿಲ್ಲ. ದಿನಾ ಬೆಳಗ್ಗೆ ನಾನೇ ಅವರ ತಲೆ ಬಾಚುತ್ತಿದ್ದೆ. ಕನ್ನಡಿಯಲ್ಲಿ ಅವರ ದವಡೆ ಬಿಗಿಯುವುದು ಕಾಣುತ್ತಿತ್ತು.

ವ್ಯಾಯಾಮ ಮಾಡಿಸುವ ಡಾಕ್ಟರಮ್ಮ, ಮನೆಯಲ್ಲಿ ಕೂತರೆ ಎಡಗೈಯೂ ಜಡವಾಗುತ್ತೆ, ನಡೀರಿ, ಎಡಗೈಗೆ ಏನಾದ್ರೂ ಕೆಲಸ ಕೊಡಿ ಅಂದರು. ಅತ್ತಿಗೆ ಸಂಜೆ ದೊಡ್ಡ ಪಾರ್ಕಿಗೆ ಹೋಗತೊಡಗಿದರು. ಅಲ್ಲಿ ಡಿಸ್ಕ್ ಗಾಲ್ಫ್ ಆಡುತ್ತಾರೆ. ಊಟದ ತಟ್ಟೆಯಷ್ಟಗಲದ ಪ್ಲಾಸ್ಟಿಕ್ ಡಿಸ್ಕನ್ನು ದೂರದಿಂದ ಎಸೆದು, ಕಂಬಕ್ಕೆ ಸರಪಳಿ ಇಳಿಬಿಟ್ಟ ಬುಟ್ಟಿಯೊಳಗೆ ಬೀಳಿಸಬೇಕು. ಅಂಥ ಬುಟ್ಟಿಗಳು ಹದಿನೆಂಟು, ಮರಗಳ ಸಂದಿಯಲ್ಲಿ, ದಿಬ್ಬದ ಮೇಲೆ, ಕೊಳದ ಆಚೆ. ಕಡಿಮೆ ಎಸೆತದಲ್ಲಿ ಮುಗಿಸಿದವರು ಗೆದ್ದ ಹಾಗೆ.

ಒಂದು ಸಂಜೆ ಅತ್ತಿಗೆ ಬಂದು ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತರು.

"ತಕ್ಕಡಿ ಸಿಕ್ಕಿದ ಕಣೇ."

"ಎಲ್ಲಿ?"

"ಪಾರ್ಕಲ್ಲಿ. ರಿಟೈರ್ ಆಗಿದ್ದಾನೆ. ಡಿಸ್ಕ್ ಕ್ಲಬ್ಬಿಗೆ ಅವನೇ ಅಧ್ಯಕ್ಷ. ಚಕ್ರದ ಗಾಡಿಯಲ್ಲಿ ಬ್ಯಾಗು ಇಟ್ಕೊಂಡು, ಮಗುನ ವಾಕಿಂಗ್ ಕರ್ಕೊಂಡು ಹೋದ ಹಾಗೆ ತಳ್ಕೊಂಡು ಓಡಾಡ್ತಿದ್ದಾನೆ."

"ನಿಮ್ಮನ್ನ ಗುರುತು ಹಿಡಿದನಾ?"

"'ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆಯಲ್ಲ' ಅಂದ. ಇಪ್ಪತ್ತು ವರ್ಷ ದಿನಾ ಬೆಳಗ್ಗೆ ನನ್ನ ಹೆಗಲಿಗೆ ಹೊರಿಸಿದವನಿಗೆ ನನ್ನ ಮುಖ ನೆನಪಿಲ್ಲ ನೋಡು."

ಅವರ ಕಣ್ಣಲ್ಲಿ ನೀರಿರಲಿಲ್ಲ. ಬಹಳ ದಿನದಿಂದ ಹಸಿದವರಿಗೆ ಊಟದ ವಾಸನೆ ಬಂದ ಹಾಗಿತ್ತು ಆ ಮುಖ. ಮುಂದಿನ ಭಾನುವಾರವೇ ಕ್ಲಬ್ಬು ಸೇರಿದರು.

ಒಂದೂವರೆ ವರ್ಷ ಎಡಗೈಯಲ್ಲಿ ಎಸೆದರು. ಮೊದಮೊದಲು ಡಿಸ್ಕು ಬುಟ್ಟಿ ಬಿಟ್ಟು ಊರೆಲ್ಲ ಹೋಗುತ್ತಿತ್ತು. ಒಮ್ಮೆ ಬೆಂಚಿನ ಮೇಲೆ ಪೇಪರ್ ಓದುತ್ತಿದ್ದವರ ಪೇಪರಿಗೇ ಬಿತ್ತು. ಆದರೆ ಟಪಾಲಿನವರ ಕಾಲು ಸೋಲುವುದಿಲ್ಲ, ಕಣ್ಣಿಗೆ ದೂರದ ಅಂದಾಜು ಇರುತ್ತದೆ. ನಿಧಾನವಾಗಿ ಕೈ ಕುದುರಿತು. ಅತ್ತಿಗೆ ತಕ್ಕಡಿಯ ಜೊತೆ ಒಂದು ದಿನವೂ ಜಗಳವಾಡಲಿಲ್ಲ. ಅವನು ಎಷ್ಟು ದೂರ ಎಸೆಯುತ್ತಾನೆ, ಯಾವ ದಿಬ್ಬದಲ್ಲಿ ಏದುಸಿರು ಬಿಡುತ್ತಾನೆ, ಬ್ಯಾಗಿನಲ್ಲಿ ಏನೇನು ತುಂಬುತ್ತಾನೆ ಅಂತ ನೋಡಿಕೊಂಡಿದ್ದರು. ಇಪ್ಪತ್ತೆರಡು ಡಿಸ್ಕು, ಮೂರು ನೀರಿನ ಬಾಟಲಿ, ಮಳೆ ಕೋಟು, ಛತ್ರಿ, ಮಡಚುವ ಸ್ಟೂಲು. ಗಾಡಿ ಇದೆಯಲ್ಲ, ಅವನಿಗೇನು.

ಆಮೇಲೆ ವರ್ಷದ ಪಂದ್ಯ ಬಂತು. ಬೆಳಗ್ಗೆ ಹದಿನೆಂಟು ಬುಟ್ಟಿ, ಮಧ್ಯಾಹ್ನ ಇನ್ನೊಮ್ಮೆ ಹದಿನೆಂಟು. ಹುಲ್ಲು ಮೆತ್ತಗಾಗಿದೆ, ಚಕ್ರದ ಗಾಡಿ ಬೇಡ ಅಂತ ಪಾರ್ಕಿನವರು ಹೇಳಿದ್ದರು. ತಕ್ಕಡಿ ಅದನ್ನು ನೋಟೀಸು ಮಾಡಿ ಗಾಜಿನ ಬೋರ್ಡಿನಲ್ಲಿ ಹಚ್ಚಿದ. ಕೆಳಗೆ ತನ್ನದೇ ಎರಡು ಸಾಲು ಸೇರಿಸಿದ್ದ: ಅವರವರ ಬ್ಯಾಗು ಅವರವರೇ ಹೊರಬೇಕು, ಹೊರಲಾಗದವರು ಆಡಬೇಕಾಗಿಲ್ಲ. ಗಾಡಿ ಬೇಕೇ ಬೇಕು ಅನ್ನುವವರಿಗೆ ಜೊತೆಯಲ್ಲಿ ಆಡುವ ಇಬ್ಬರ ಸಹಿ ಬೇಕು.

ಅತ್ತಿಗೆ ಆ ನೋಟೀಸು ಓದಿ ನೇರ ನನ್ನ ಅಂಗಡಿಗೆ ಬಂದರು. "ಎದ್ದೇಳು. ಬ್ಯಾಗು ತಗೋಬೇಕು." ಅಲ್ಲಿಯವರೆಗೆ ಅವರು ಬಟ್ಟೆಯ ಕೈಚೀಲದಲ್ಲಿ ನಾಲ್ಕು ಡಿಸ್ಕು ಹಾಕಿಕೊಂಡು ಹೋಗುತ್ತಿದ್ದರು. ಇಡೀ ದಿನದ ಪಂದ್ಯಕ್ಕೆ ಅದು ಸಾಲುವಂತಿರಲಿಲ್ಲ.

ಆಟದ ಸಾಮಾನಿನ ಅಂಗಡಿಯವನು ನಮ್ಮನ್ನು ನೋಡಿ ಖುಷಿಯಾಗಿಯೇ ಎದ್ದ. ಆ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ.

"ಹಗುರ ಇರಬೇಕು, ಬಾಳಿಕೆನೂ ಬರಬೇಕು," ಅಂದರು ಅತ್ತಿಗೆ.

"ಎರಡೂ ಒಟ್ಟಿಗೆ ಸಿಗೋದು ಕಷ್ಟ ಮೇಡಂ."

"ಕಷ್ಟ ಅಂದ್ರಿ, ಸಿಗಲ್ಲ ಅನ್ನಲಿಲ್ಲ. ತೋರಿಸಿ."

ಅವನು ಐದು ಬ್ಯಾಗು ಇಳಿಸಿದ. ಅತ್ತಿಗೆ ಕೈಚೀಲದಿಂದ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ ತೆಗೆದರು. ಅಂಗಡಿಯವನ ಹುಬ್ಬು ಮೇಲೇರಿತು.

ಮೊದಲನೆಯದು ದೊಡ್ಡದು, ಹತ್ತು ಜೇಬು, ಹೊಳೆಯುವ ಬಕಲ್ಲು. ಖಾಲಿ ಇರುವಾಗಲೇ ಎರಡೂ ಮುಕ್ಕಾಲು ಕಿಲೋ. "ಇದನ್ನ ಇಲ್ಲೇ ಬಿಡಿ. ಇದಕ್ಕೇ ಒಂದು ಬ್ಯಾಗು ಬೇಕು." ಎರಡನೆಯದು ಬರೀ ನಾನೂರು ಗ್ರಾಂ, ಆದರೆ ಒಂದೇ ಪಟ್ಟಿ, ಒಂದೇ ಹೆಗಲಿಗೆ. ಅತ್ತಿಗೆ ಅದನ್ನು ಮುಟ್ಟಿ, ತಿರುಗಿ ನೋಡದೆ ಪಕ್ಕಕ್ಕೆ ತಳ್ಳಿದರು. ಮೂರನೆಯದು ಕೆಂಪು, ಚೆಂದ, ಎರಡು ಪಟ್ಟಿ, ಹಗುರ. ನಾನು ಅದರ ಒಳಗನ್ನು ಹೊರಗೆ ಮಾಡಿ ನೋಡಿದೆ. ಪಟ್ಟಿ ಸೇರುವಲ್ಲಿ ಒಂದೇ ಸಾಲು ಹೊಲಿಗೆ, ಬಟ್ಟೆಯ ಅಂಚು ಮಡಚಿಲ್ಲ, ಎಳೆ ಆಗಲೇ ಬಿಟ್ಟುಕೊಳ್ಳುತ್ತಿದೆ.

"ಇದು ಆರು ತಿಂಗಳು ಅತ್ತಿಗೆ. ಏಳನೇ ತಿಂಗಳು ನನ್ನ ಅಂಗಡಿಗೆ ಬರುತ್ತೆ."

"ಅಂಗಡಿಗೆ ಬಂದು ಸಾಮಾನು ಬೈಯ್ತೀರಲ್ಲ," ಅಂದ ಅಂಗಡಿಯವನು.

"ಬೈತಿಲ್ಲಪ್ಪ, ಜಾತಕ ಹೇಳ್ತಿದ್ದೀನಿ."

ನಾಲ್ಕನೆಯದರ ಬಟ್ಟೆ ಗಟ್ಟಿ, ಹೊಲಿಗೆ ಗಟ್ಟಿ. ಅತ್ತಿಗೆ ನೆಲದ ಮೇಲೆ ಇಟ್ಟರು. ಅದು ಅಮಲೇರಿದವನ ಹಾಗೆ ಪಕ್ಕಕ್ಕೆ ಒರಗಿತು. ತಳದಲ್ಲಿ ಬಿಗಿ ಇಲ್ಲ. "ಪ್ರತಿ ಎಸೆತಕ್ಕೂ ಇಳಿಸಬೇಕು, ಎತ್ತಬೇಕು. ನೆಟ್ಟಗೆ ನಿಂತರೆ ಪಟ್ಟಿಗೆ ಕೈ ಹಾಕಿದ್ರೆ ಸಾಕು. ಮಲಗಿದ್ರೆ ಐವತ್ತು ಸಲ ಸೊಂಟ ಬಗ್ಗಿಸಬೇಕು. ಬೇಡ."

ಐದನೆಯದು ಬೂದಿ ಬಣ್ಣದ್ದು. ನೋಡಲು ಏನೇನೂ ಇಲ್ಲ, ಮೆಕ್ಯಾನಿಕ್ಕಿನ ಸಾಮಾನಿನ ಚೀಲದ ಹಾಗೆ. ದಪ್ಪ ನೇಯ್ಗೆಯ ನೈಲಾನು, ತಳಕ್ಕೆ ತೆಳು ಪ್ಲಾಸ್ಟಿಕ್ ಹಲಗೆ, ಎರಡು ಅಗಲ ಪಟ್ಟಿ, ಎದೆಯ ಮೇಲೆ ಸೇರಿಸುವ ಕ್ಲಿಪ್ಪು. ಪಟ್ಟಿಯ ಬುಡದಲ್ಲಿ ಚೌಕ ಹಾಕಿ, ಚೌಕದೊಳಗೆ ಅಡ್ಡಡ್ಡ ಗೀಟು ಎಳೆದು ಹೊಲಿದಿದ್ದರು. ನನಗೆ ಆ ಹೊಲಿಗೆ ನೋಡಿ ಹೊಲಿದವರನ್ನು ಕಂಡಷ್ಟು ಸಂತೋಷವಾಯಿತು. ಖಾಲಿ ತೂಕ ಎಂಟುನೂರೈವತ್ತು ಗ್ರಾಂ. ಅತ್ತಿಗೆ ಬಾಟಲಿಯ ಮುಚ್ಚಳ ತೆಗೆದು ಬ್ಯಾಗಿನ ಮೇಲೆ ನೀರು ಸುರಿದೇಬಿಟ್ಟರು. ಅಂಗಡಿಯವನು "ಅಯ್ಯೋ" ಅಂದ. ನೀರು ಹನಿಹನಿಯಾಗಿ ಉರುಳಿ ಅವನ ಮೇಜಿಗಿಳಿಯಿತು, ಬಟ್ಟೆ ಕುಡಿಯಲಿಲ್ಲ.

ಅತ್ತಿಗೆ ಹನ್ನೆರಡು ಡಿಸ್ಕು, ಅರ್ಧ ಲೀಟರ್ ನೀರು, ಒಂದು ಟವೆಲ್ಲು ಹಾಕಿ ಕೊಕ್ಕೆಗೆ ಸಿಕ್ಕಿಸಿದರು. ಮುಳ್ಳು ಮೂರೂವರೆಯಲ್ಲಿ ನಿಂತಿತು. ಅವರು ಆ ಮುಳ್ಳನ್ನು ಬಹಳ ಹೊತ್ತು ನೋಡಿದರು.

"ಇಷ್ಟನ್ನ ನಾನು ಇಡೀ ದಿನ ಹೊರ್ತೀನಿ," ಅಂದರು. "ಅವನು ಹೊರೋದನ್ನ ನೋಡ್ಕೊಂಡು ಹೊರ್ತೀನಿ."

ಒಂದೇ ಕೊರತೆ. ಕೊನೆಯ ಎಸೆತದ ಡಿಸ್ಕಿನ ಜೇಬು ಬಲಗೈಯವರಿಗೆ ಅಂತ ಬಲಕ್ಕಿತ್ತು. ನಾನು ಅದನ್ನು ಬಿಚ್ಚಿ ಎಡಕ್ಕೆ ಹೊಲಿದುಕೊಟ್ಟೆ.

ಪಂದ್ಯಕ್ಕೆ ಎರಡು ದಿನ ಇರುವಾಗ ನನ್ನ ಅಂಗಡಿಗೆ ಒಬ್ಬ ಎತ್ತರದ ಮುದುಕ ಬಂದ. ಹೆಗಲಲ್ಲಿ ದೊಡ್ಡ ಬ್ಯಾಗು, ಹತ್ತು ಜೇಬು, ಹೊಳೆಯುವ ಬಕಲ್ಲು. ಒಂದು ಪಟ್ಟಿಯ ಬುಡ ಬಿಟ್ಟುಕೊಂಡಿತ್ತು. "ನಾಡಿದ್ದು ಡಿಸ್ಕ್ ಪಂದ್ಯ ಇದೆ. ನಾನೇ ಅಧ್ಯಕ್ಷ. ಗಟ್ಟಿಯಾಗಿ ಹೊಲೀರಿ." ಅಷ್ಟು ಸಾಕಾಯಿತು, ನನಗೆ ಯಾರಂತ ಗೊತ್ತಾಯಿತು. ಅವನಿಗೆ ನಾನು ಯಾರ ನಾದಿನಿ ಅಂತ ಗೊತ್ತಾಗಲು ದಾರಿಯೇ ಇರಲಿಲ್ಲ.

ಅವನು ಹೋದ ಮೇಲೆ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕೂತೆ. ಸುಳ್ಳು ಯಾಕೆ ಹೇಳಲಿ, ಕೈ ತುರಿಸಿತು. ಹೊರಗಿನಿಂದ ನೋಡಿದರೆ ಗಟ್ಟಿ, ಒಳಗೆ ನಾಲ್ಕು ಎಳೆ ಸಡಿಲ. ಏಳನೆಯ ಬುಟ್ಟಿಯ ಹತ್ತಿರ ಪಟ್ಟಿ ಕಿತ್ತು, ಬ್ಯಾಗು ಬಿದ್ದು, ಡಿಸ್ಕೆಲ್ಲ ಇಳಿಜಾರಿನಲ್ಲಿ ಉರುಳಬೇಕು. ಎಲ್ಲರೂ ನೋಡಬೇಕು. ಆ ಎರಡು ವರ್ಷ ಬಾಚಣಿಗೆ ಹಿಡಿದದ್ದು ನನ್ನ ಕೈ ತಾನೆ? ಅತ್ತಿಗೆಗೆ ಫೋನು ಮಾಡಿದೆ. ಅವರು ಹತ್ತೇ ನಿಮಿಷದಲ್ಲಿ ಬಂದು ಬ್ಯಾಗು ತಿರುಗಿಸಿ ನೋಡಿದರು.

"ಸಡಿಲ ಬಿಡ್ಲಾ?" ಅಂದೆ.

"ಹುಚ್ಚೇನೇ ನಿಂಗೆ?" ಅಂದರು. "ಬ್ಯಾಗು ಹರಿದ್ರೆ ಅವನಿಗೆ ನೆಪ ಸಿಗುತ್ತೆ. 'ಬ್ಯಾಗು ಕಿತ್ತೋಯ್ತು, ಅದಕ್ಕೆ ಸೋತೆ' ಅಂತಾನೆ. ಇದು ಹರಿಯಬಾರದು. ಅವನು ಹರೀಬೇಕು, ಬ್ಯಾಗು ಹರಿಯಬಾರದು. ಮೇಣದ ದಾರ ತಗೋ. ಎರಡು ಸುತ್ತು ಹಾಕು. ಇನ್ನೊಂದು ಪಟ್ಟಿಗೂ ಹಾಕು, ಅವನು ಕೇಳದಿದ್ರೂ."

ಆ ದಿನ ಹೊಲಿದಷ್ಟು ಗಟ್ಟಿಯಾಗಿ ಯಾವ ಬ್ಯಾಗನ್ನೂ ಹೊಲಿದಿಲ್ಲ.

ಪಂದ್ಯದ ದಿನ ಅಂಗಡಿ ಮುಚ್ಚಿ ನಾನೂ ಹೋದೆ. ಬೆಳಗ್ಗೆಯ ಸುತ್ತಿನಲ್ಲಿ ತಕ್ಕಡಿ ತನ್ನ ಗೆಳೆಯರಿಬ್ಬರ ಜೊತೆ ಆಡಿದ. ಅವರು ಕಣ್ಣುಮುಚ್ಚಿ ಸಹಿ ಹಾಕಿಕೊಟ್ಟರು, ನೋಟೀಸು ಹಚ್ಚಿದವನೇ ಮೆತ್ತನೆಯ ಹುಲ್ಲಿನ ಮೇಲೆ ಗಾಡಿ ತಳ್ಳಿಕೊಂಡು ಹೋದ. ಅತ್ತಿಗೆ ಚೆನ್ನಾಗಿ ಆಡುತ್ತಿದ್ದರು. ಹದಿನಾರು ಬುಟ್ಟಿ ಮುಗಿದಾಗ ಎರಡನೆಯ ಸ್ಥಾನ. ಮಧ್ಯಾಹ್ನದ ಗುಂಪುಗಳನ್ನು ಬೆಳಗ್ಗೆಯ ಅಂಕದ ಮೇಲೆ ಮಾಡುತ್ತಾರೆ, ಮೊದಲ ಮೂವರು ಒಂದು ಗುಂಪು, ಆಮೇಲಿನ ಮೂವರು ಇನ್ನೊಂದು. ಅತ್ತಿಗೆ ಬೋರ್ಡು ನೋಡಿದರು. ತಕ್ಕಡಿ ಆರನೆಯವನು. ಕೊನೆಯ ಎರಡು ಬುಟ್ಟಿಗೆ ಅವರು ಡಿಸ್ಕನ್ನು ಬೇಕಂತಲೇ ಪೊದೆಗೆ ಎಸೆದರು. ಒಮ್ಮೆಯಲ್ಲ, ಐದು ಸಲ. ನೋಡುತ್ತಿದ್ದವರು "ಪಾಪ, ಕೈ ಸೋತಿದೆ" ಅಂದುಕೊಂಡರು. ಗೆಲ್ಲುವ ಆಸೆ ಅವರಿಗೆ ಇರಲಿಲ್ಲ ಅಂತ ಗೊತ್ತಿದ್ದವಳು ನಾನೊಬ್ಬಳೇ. ನಾಲ್ಕನೆಯ ಸ್ಥಾನಕ್ಕಿಳಿದು ತಕ್ಕಡಿಯ ಗುಂಪಿಗೆ ಬಂದರು. ಅವರಿಬ್ಬರ ಜೊತೆ ಮೂರನೆಯವರು ಒಬ್ಬ ಹಲ್ಲಿನ ಡಾಕ್ಟರು, ಯಾರ ಗೊಡವೆಗೂ ಹೋಗದ ಮನುಷ್ಯ.

ಮಧ್ಯಾಹ್ನ ತಕ್ಕಡಿ ಗಾಡಿ ತಳ್ಳಿಕೊಂಡು ಬಂದು ಚೀಟಿ ಚಾಚಿದ. ಹಲ್ಲಿನ ಡಾಕ್ಟರು ಸಹಿ ಹಾಕಿದರು. ಅತ್ತಿಗೆ ಕೈ ಕಟ್ಟಿಕೊಂಡು ನಿಂತರು.

"ಬರೀ ಒಂದು ಸಹಿ ಮೇಡಂ."

"ತೂಕ ಎಷ್ಟಿದೆ?"

"ಆರೋ ಏಳೋ ಕಿಲೋ ಇರಬಹುದು."

ಅತ್ತಿಗೆ ನನ್ನ ಕಡೆ ಕೈ ಚಾಚಿದರು. ನಾನು ಕೊಕ್ಕೆಯ ತಕ್ಕಡಿ ಕೊಟ್ಟೆ. ಸುತ್ತ ಹತ್ತಿಪ್ಪತ್ತು ಜನ ಸೇರಿದ್ದರು. ಮರದ ಕೊಂಬೆಗೆ ಕೊಕ್ಕೆ ಸಿಕ್ಕಿಸಿ, ಹಲ್ಲಿನ ಡಾಕ್ಟರು ಬ್ಯಾಗು ಎತ್ತಿ ಹಾಕಿದರು. ಅತ್ತಿಗೆ ಮುಳ್ಳು ಎಲ್ಲರಿಗೂ ಕಾಣುವ ಹಾಗೆ ತಿರುಗಿಸಿದರು.

"ಹನ್ನೊಂದೂ ಕಾಲು," ಅಂದರು. ಆಮೇಲೆ ಅವನ ಮುಖ ನೋಡಿ, ಒಂದೊಂದೇ ಪದ ಬಿಡಿಸಿ ಹೇಳಿದರು. "ಮಿತಿಯೊಳಗಿದೆ, ಹೊರಡಿ."

ಅವನ ಮುಖದಲ್ಲಿ ಏನೋ ಕದಲಿತು. ಆಗ, ಆ ಕ್ಷಣದಲ್ಲಿ, ಅವನಿಗೆ ನೆನಪಾಯಿತು.

"ನೀವು... ಆ ಟಪಾಲಿನವರು."

"ಹೂಂ."

"ಅದು ಹಳೇ ಮಾತು ಅಲ್ವಾ?"

"ನನ್ನ ಭುಜಕ್ಕೆ ಇನ್ನೂ ಹಳೇದಾಗಿಲ್ಲ ಸರ್."

ಹಲ್ಲಿನ ಡಾಕ್ಟರು ಮೆಲ್ಲಗೆ, "ಸ್ಟೂಲು, ಬಾಟಲಿ ತೆಗೆದಿಟ್ಟುಬಿಡಿ ಸರ್, ಅರ್ಧ ಇಳಿಯುತ್ತೆ" ಅಂದರು. ಅವನು ಹಾಗೆ ಮಾಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಜನ ನೋಡುತ್ತಿದ್ದರು, ಅವನು ಅಧ್ಯಕ್ಷ. "ಹನ್ನೊಂದು ಕಿಲೋ ಏನು ಮಹಾ" ಅಂದು ಬ್ಯಾಗು ಹೆಗಲಿಗೆ ಹಾಕಿಕೊಂಡ.

ನಾಲ್ಕು ಬುಟ್ಟಿ ಚೆನ್ನಾಗಿಯೇ ನಡೆದ. ಆರನೆಯದರಲ್ಲಿ ಎರಡೂ ಪಟ್ಟಿಯ ಕೆಳಗೆ ಹೆಬ್ಬೆರಳು ತೂರಿಸಿ ಹಿಡಿದ. ಅದು ಹೆಗಲು ಉರಿಯತೊಡಗಿದವರ ಹಿಡಿತ, ನನ್ನ ಗಿರಾಕಿಗಳಲ್ಲಿ ನೋಡಿದ್ದೇನೆ. ಒಂಬತ್ತನೆಯದರಲ್ಲಿ ಬೆನ್ನ ಬೆವರು ಬ್ಯಾಗಿನ ಆಕಾರದಲ್ಲೇ ಅಂಗಿಗೆ ಅಂಟಿತ್ತು. ಅತ್ತಿಗೆ ಅವನ ಪಕ್ಕದಲ್ಲೇ, ಎರಡು ಹೆಜ್ಜೆ ಹಿಂದೆ ನಡೆಯುತ್ತಿದ್ದರು. ಬೂದಿ ಬಣ್ಣದ ಬ್ಯಾಗು ಇಳಿಸಿದರೆ ನೆಟ್ಟಗೆ ನಿಲ್ಲುತ್ತಿತ್ತು. ಎಡಗೈ ಜೇಬಿಗೆ ಹೋಗುತ್ತಿತ್ತು, ಡಿಸ್ಕು ಹಾರುತ್ತಿತ್ತು, ಸರಪಳಿ ಝಲ್ ಅನ್ನುತ್ತಿತ್ತು. ಪ್ರತಿ ಝಲ್ಲಿಗೂ ಅವನು ಸಣ್ಣಗೆ ಬೆಚ್ಚುತ್ತಿದ್ದ.

ಹನ್ನೊಂದನೆಯ ಬುಟ್ಟಿ ದಿಬ್ಬದ ತುದಿಯಲ್ಲಿ. ಅರ್ಧ ಹತ್ತಿ ನಿಂತ.

"ಒಂದು ನಿಮಿಷ."

"ಎಷ್ಟು ಬೇಕಾದ್ರೂ ನಿಲ್ಲಿ," ಅಂದರು ಅತ್ತಿಗೆ. "ನಮಗೆ ನಾಲ್ಕಂತಸ್ತು ಹತ್ತುವಾಗ ನಿಲ್ಲೋ ಹಾಗಿರಲಿಲ್ಲ."

ಹದಿಮೂರನೆಯದರಲ್ಲಿ ಅವನು ಎಸೆಯಲು ಬಲಗೈ ಹಿಂದಕ್ಕೆ ಒಯ್ದ. ಕೈ ಮೇಲೆ ಬರಲಿಲ್ಲ. ಡಿಸ್ಕು ಮೂರು ಹೆಜ್ಜೆ ಆಚೆ ಹುಲ್ಲಿನ ಮೇಲೆ ಬಿತ್ತು. ಅವನು ಅದನ್ನೇ ನೋಡಿದ. ಮತ್ತೆ ಎತ್ತಿಕೊಂಡು ಪ್ರಯತ್ನಿಸಿದ. ಹಲ್ಲು ಕಚ್ಚಿಕೊಂಡ ಮುಖ ಬೆಳ್ಳಗಾಯಿತು. ಆಮೇಲೆ ಬ್ಯಾಗಿನ ಸಮೇತ ಹುಲ್ಲಿನ ಮೇಲೆ ಕುಸಿದು ಕೂತ. ಪಟ್ಟಿಗಳು ಒಂದೆಳೆಯೂ ಸಡಿಲಾಗದೆ ಅವನ ಹೆಗಲನ್ನು ಕಚ್ಚಿಕೊಂಡಿದ್ದವು. ಹಲ್ಲಿನ ಡಾಕ್ಟರೇ ಬಂದು ಕಳಚಬೇಕಾಯಿತು.

ಅಂಕದ ಹಾಳೆ ಅತ್ತಿಗೆಯ ಕೈಯಲ್ಲಿತ್ತು. ಆಟ ಅರ್ಧಕ್ಕೆ ಬಿಟ್ಟವರ ಹೆಸರಿನ ಮುಂದೆ ಕಾರಣ ಬರೆಯಬೇಕು.

"ಅನಾರೋಗ್ಯ ಅಂತ ಬರೀರಿ," ಅಂದ ಅವನು, ಕೂತಲ್ಲಿಂದಲೇ.

ಅತ್ತಿಗೆ ಬರೆದರು. ಹಲ್ಲಿನ ಡಾಕ್ಟರ ಸಹಿಗೆ ಕೊಟ್ಟರು. ಅವರು ಓದಿ, "ಸುಳ್ಳಂತೂ ಅಲ್ಲ" ಅಂದು ಸಹಿ ಹಾಕಿದರು. ಸಂಜೆ ಹಾಳೆ ಗಾಜಿನ ಬೋರ್ಡಿಗೆ ಹೋಯಿತು: "ಬ್ಯಾಗಿನ ತೂಕ ಹನ್ನೊಂದೂ ಕಾಲು ಕಿಲೋ, ಮಿತಿಯೊಳಗೆ. ಹೊತ್ತ ರೀತಿ ತಪ್ಪು."

ಮನೆಗೆ ಬಂದು ಅತ್ತಿಗೆ ಎರಡು ಸಲ ಬಡಿಸಿಕೊಂಡು, ನಗುತ್ತಾ ಉಂಡರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿ ವರ್ಷಗಳಾಗಿದ್ದವು. ನನಗೂ ನಗು ಬಂತು. ನಾವೇನು ದೇವತೆಗಳಲ್ಲ.

ಹಾಳೆ ವರ್ಷವಿಡೀ ಬೋರ್ಡಿನಲ್ಲಿರುತ್ತದೆ. ಜನ ಅದರ ಫೋಟೋ ತೆಗೆದು ಹಂಚಿಕೊಂಡರು. ಕ್ಲಬ್ಬಿನಲ್ಲಿ ಯಾರಾದರೂ ಎಡವಿದರೂ "ಹೊತ್ತ ರೀತಿ ತಪ್ಪು" ಅಂತ ತಮಾಷೆ ಶುರುವಾಯಿತು. ಮೂರನೆಯ ವಾರ ತಕ್ಕಡಿ ನಮ್ಮ ಮನೆ ಹುಡುಕಿಕೊಂಡು ಬಂದ. ಬಲಗೈ ಕತ್ತಿನಿಂದ ಇಳಿಬಿಟ್ಟ ಬಟ್ಟೆಯಲ್ಲಿತ್ತು. ತಲೆ ಸರಿಯಾಗಿ ಬಾಚಿರಲಿಲ್ಲ.

ಅತ್ತಿಗೆ ಒಳಗೆ ಕರೆದರು. ಕುರ್ಚಿ ಕೊಟ್ಟರು. ನೀರು ಕೊಡಲಿಲ್ಲ.

"ಆ ಒಂದು ವಾಕ್ಯ ತೆಗೀರಿ," ಅಂದ. "ಮೊಮ್ಮಕ್ಕಳು ಓದಿ ಕೇಳ್ತಾರೆ. ನೀವು ಬರೆದದ್ದು, ನೀವೇ ತಿದ್ದಬಹುದು."

"ನನಗೂ ಒಂದೇ ವಾಕ್ಯ ಬರೆದಿದ್ರಿ."

ಅವನು ನೆಲ ನೋಡಿದ. "ಎಷ್ಟು ತೂಗ್ತಿತ್ತು ಅಂತ ನಂಗೆ ಗೊತ್ತಿತ್ತು," ಅಂದ. "ಮುಳ್ಳು ನನ್ನ ಕಡೆ ಇತ್ತಲ್ಲ. ದಿನಾ ಗೊತ್ತಿತ್ತು."

ಅತ್ತಿಗೆಗೆ ಈ ಮಾತು ಕೇಳಿದರೆ ಎದೆಯ ಭಾರ ಇಳಿಯುತ್ತದೆ ಅಂತ ನಾನಂದುಕೊಂಡಿದ್ದೆ. ಇಳಿಯಲಿಲ್ಲ. ಅವರ ಮುಖ ಕೆಂಪೇರಿತು, ಕತ್ತಿನ ನರ ಉಬ್ಬಿತು.

"ನಂಗೊಬ್ಬಳಿಗೇ ಹೇಳಿದ್ರೆ ಸಾಲದು," ಅಂದರು. "ನನ್ನ ಹಾಗೆ ಚೀಲ ಹೊತ್ತ ಇನ್ನೂ ಮೂವರಿಗೆ ಇದೇ ವಾಕ್ಯ ಬರೆದಿದ್ದೀರಿ. ಮೂರು ಮನೆಗೂ ನಡ್ಕೊಂಡು ಬನ್ನಿ. ಒಂದೊಂದು ಬಾಗಿಲಲ್ಲೂ ನಿಂತು ಹೇಳಿ. ಹೇಳಿದ ಮಾರನೇ ದಿನ ತಿದ್ತೀನಿ."

ಭಾನುವಾರ ಬೆಳಗ್ಗೆ ಹೊರಟೆವು. ಮುಂದೆ ಅವನು, ಹಿಂದೆ ಅತ್ತಿಗೆ ಬೂದಿ ಬಣ್ಣದ ಬ್ಯಾಗಿನಲ್ಲಿ ನೀರು ಹಾಕಿಕೊಂಡು, ಅವರ ಹಿಂದೆ ನಾನು.

ಮೊದಲನೆಯ ಮನೆ ಉದ್ದಣ್ಣನದು. ಆರಡಿಯ ಆಳು, ಈಗ ಬೆನ್ನು ಬಾಗಿ ನನ್ನಷ್ಟೇ ಎತ್ತರ. ತಕ್ಕಡಿ ಬಾಗಿಲಲ್ಲಿ ನಿಂತು ಹೇಳಿದ. "ನಿಮ್ಮ ಚೀಲ ಮಿತಿ ಮೀರಿತ್ತು. ನಂಗೆ ಗೊತ್ತಿತ್ತು. ಹೊತ್ತ ರೀತಿ ತಪ್ಪಿರಲಿಲ್ಲ." ಉದ್ದಣ್ಣ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟ. "ಮಿತಿ ಮೀರಿತ್ತು ಅಂತ ನಮಗೆಲ್ಲ ಗೊತ್ತಿತ್ತು ಸ್ವಾಮಿ. ನಿಮಗೆ ಗೊತ್ತಿತ್ತಾ ಅನ್ನೋದು ಗೊತ್ತಿರಲಿಲ್ಲ," ಅಂದು ಬೆನ್ನು ತಿರುಗಿಸಿ ಒಳಗೆ ಹೋದ.

ಎರಡನೆಯದು ಹಾಡುಗಾರನ ಮನೆ. ಟಪಾಲು ಹಂಚುತ್ತಾ ಹಾಡುತ್ತಿದ್ದವನು, ಕತ್ತಿನ ಮೂಳೆ ಜರುಗಿತ್ತು. ಮಗಳು ಬಂದು ಅಪ್ಪ ಹೊರಗೆ ಬರಲ್ಲವಂತೆ ಅಂದಳು. ಅತ್ತಿಗೆ ಬಿಡಲಿಲ್ಲ. ತಕ್ಕಡಿ ಮುಚ್ಚಿದ ಕಿಟಕಿಗೆ ಹೇಳಿದ. ಒಳಗಿನಿಂದ ಏನೋ ಪಾತ್ರೆ ಬಿಸಾಡಿದ ಸದ್ದು ಬಂತು, ಅಷ್ಟೇ.

ಮೂರನೆಯ ಮನೆಯವರು ತೀರಿಕೊಂಡು ಎರಡು ವರ್ಷವಾಗಿತ್ತು. ಬಾಗಿಲು ತೆರೆದದ್ದು ಅವರ ಹೆಂಡತಿ, ಸಣ್ಣ ಮೈಕಟ್ಟಿನ ಹೆಂಗಸು, ಕೈಗೆ ಸೋಪಿನ ನೊರೆ. ತಕ್ಕಡಿ ಹೇಳಿ ಮುಗಿಸಿದ. ಆ ಹೊತ್ತಿಗೆ ಅವನ ದನಿ ಬತ್ತಿತ್ತು. ಆಕೆ ನೊರೆಯನ್ನು ಬಟ್ಟೆಗೆ ಒರೆಸಿಕೊಂಡರು.

"ಅವರು ಅದನ್ನ ನಂಬಿದ್ರು," ಅಂದರು. "ನೀವು ಬರೆದದ್ದನ್ನ. ಕನ್ನಡಿ ಮುಂದೆ ನಿಂತು, ದಿಂಬನ್ನ ಹೆಗಲಿಗೆ ಹಾಕ್ಕೊಂಡು ಈ ಕಡೆ ತಿರುಗೋರು, ಆ ಕಡೆ ತಿರುಗೋರು. 'ನಾನು ಎಲ್ಲಿ ತಪ್ಪು ಮಾಡಿದೆ ನೋಡೇ' ಅನ್ನೋರು. ಸಾಯೋವರೆಗೂ."

ತಕ್ಕಡಿ ತಲೆ ತಗ್ಗಿಸಿದ.

"ಇನ್ನೊಂದ್ಸಲ ಹೇಳಿ," ಅಂದರು ಆಕೆ. "ಜೋರಾಗಿ."

ಅವನು ಹೇಳಿದ. ಆಕೆ ಇನ್ನೊಮ್ಮೆ ಹೇಳಿಸಿದರು. ಆಮೇಲೆ ಮತ್ತೊಮ್ಮೆ. ಪಕ್ಕದ ಮನೆಯವರು ಹೊರಗೆ ಬಂದು ನೋಡಿದರು. ಐದನೆಯ ಸಲಕ್ಕೆ ಅವನು ಗೋಡೆಗೆ ಎಡಗೈ ಊರಿಕೊಂಡ. ನನಗೆ ಸಾಕು ಅನ್ನಿಸಿ ಅತ್ತಿಗೆಯ ಕಡೆ ನೋಡಿದೆ. ಅವರು ಕದಲಲಿಲ್ಲ. ಸಾಕು ಅನ್ನುವುದು ನಮ್ಮ ಕೆಲಸವಲ್ಲ ಅನ್ನುವ ಹಾಗೆ, ಗೇಟು ಹಿಡಿದು ನಿಂತಿದ್ದರು.

ಅತ್ತಿಗೆ ಕೊಟ್ಟ ಮಾತು ತಪ್ಪಲಿಲ್ಲ. ಸೋಮವಾರ ಹೋಗಿ ಆ ವಾಕ್ಯ ಹೊಡೆದುಹಾಕಿ "ಅನಾರೋಗ್ಯ" ಅಂತ ಬರೆದು ಬಂದರು. ತಕ್ಕಡಿ ಅದೇ ವಾರ ಅಧ್ಯಕ್ಷಗಿರಿ ಬಿಟ್ಟ, ಪಾರ್ಕಿನ ಕಡೆ ಮತ್ತೆ ಬರಲಿಲ್ಲ.

ಆ ಸಂಜೆ ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತಿದ್ದರು. "ಸಮಾಧಾನ ಆಯ್ತಾ?" ಅಂತ ಕೇಳಿದೆ.

"ನಂದು ಆಯ್ತು," ಅಂದರು. "ಆ ಮೂರನೇ ಮನೆಗೆ ಇವನನ್ನ ಎರಡು ವರ್ಷಕ್ಕೂ ಮುಂಚೆ ಎಳ್ಕೊಂಡು ಹೋಗಬೇಕಿತ್ತು ಕಣೇ. ಆ ಮನುಷ್ಯ ದಿಂಬು ಕೆಳಗಿಟ್ಟಾದ್ರೂ ಸಾಯ್ತಿದ್ದ."